ಚೇತನನ ಹಗಲು ನಿದ್ದೆ

ಸವಿತಾ, ನಿನ್ನ ಮಗನ ನಿದ್ದೆ ಕೆಡಿಸಿದವಳು ನಾನು. ದೃಷ್ಟಿಯಲ್ಲ, ಗಾಳಿಯಲ್ಲ, ಹಲ್ಲು ಬರುವ ಸಂಕಟವಲ್ಲ, ನಿನ್ನ ಎದೆಹಾಲಿನ ದೋಷವಂತೂ ಅಲ್ಲವೇ ಅಲ್ಲ — ನಾನು. ನಿನ್ನ ವಾರಗಿತ್ತಿ, ನೀನು ಬಾಯಿ ತುಂಬ ಅಕ್ಕ ಅನ್ನುವ ಈ ರತ್ನ. ಮರೆತು ಮಾಡಿದ್ದಲ್ಲ, ತಿಳಿಯದೆ ಮಾಡಿದ್ದಲ್ಲ. ಹಾಡುಹಗಲಲ್ಲಿ, ಕಣ್ಣು ಬಿಟ್ಟುಕೊಂಡು, ಬೇಕೆಂದೇ ಮಾಡಿದೆ.

ಇಪ್ಪತ್ತು ವರ್ಷ ಆಯಿತು. ಮೂರು ಸಲ ಬರೆಯಲು ಕೂತು ಮೂರು ಸಲವೂ ಹರಿದು ಒಲೆಗೆ ಹಾಕಿದ್ದೇನೆ. ಬಾಯಲ್ಲೇ ಹೇಳಿಬಿಡೋಣವೆಂದರೆ ನನ್ನ ಬಾಯಿ ನಿನಗೆ ಗೊತ್ತಲ್ಲ — ಅರ್ಧ ಹೇಳಿ, ಉಳಿದರ್ಧಕ್ಕೆ ಜಗಳ ತೆಗೆದು, ಕೊನೆಗೆ ತಪ್ಪೆಲ್ಲ ಎದುರಿಗಿದ್ದವರದ್ದೇ ಅನ್ನಿಸಿಬಿಡುವ ಬಾಯಿ. ಅದಕ್ಕೇ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೂ ಮತ್ತೆ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನಾನು ನಿಂತು ನೋಡುತ್ತಿದ್ದ ಕಡೆಯಿಂದ ಅದು ಹೇಗೆ ಕಾಣುತ್ತಿತ್ತು ಅನ್ನುವುದು ನಿನಗೆ ಗೊತ್ತಿಲ್ಲ.

ನೀನು ಮಾಗಡಿ ಕಡೆಯಿಂದ ನಮ್ಮ ಅಕ್ಕೂರಿನ ಮನೆಗೆ ಎರಡನೇ ಸೊಸೆಯಾಗಿ ಬರುವ ಹೊತ್ತಿಗೆ ನನ್ನ ಮಗಳು ದೀಪಿಕಾಗೆ ಎರಡು ವರ್ಷ ತುಂಬಿತ್ತು. ಅವಳ ಮೊದಲ ವರ್ಷ ನೀನು ನೋಡಿಲ್ಲ. ದೇವರಾಣೆ, ಅಂಥ ವರ್ಷ ಯಾರಿಗೂ ಬೇಡ. ಹೆಗಲ ಮೇಲಿದ್ದರೆ ಸುಮ್ಮನಿರುತ್ತಿದ್ದಳು, ಕೆಳಗಿಟ್ಟರೆ ಕಿರುಚುತ್ತಿದ್ದಳು. ತೊಲೆಗೆ ಹಳೇ ಸೀರೆಯ ಜೋಲಿ ಕಟ್ಟಿ ತೂಗುತ್ತಿದ್ದೆ. ತೂಗುವ ಕೈ ನಿಂತರೆ ಕಣ್ಣು ಬಿಡುವಳು. ಒಂದು ಕೈಯಲ್ಲಿ ಜೋಲಿ ತೂಗುತ್ತ ಇನ್ನೊಂದು ಕೈಯಲ್ಲಿ ಮುದ್ದೆ ಮುರಿದು ಉಂಡಿದ್ದೇನೆ. ತಲೆ ಬಾಚಿಕೊಳ್ಳದೆ ನಾಲ್ಕು ದಿನ ಕಳೆದದ್ದಿದೆ. ಒಂದು ದಿನ ನಿಂತುಕೊಂಡೇ ಕಣ್ಣು ಹತ್ತಿ, ಹಣೆ ಕಂಬಕ್ಕೆ ಬಡಿದು ಊದಿಕೊಂಡಿತು. ಆಗ ಅತ್ತೆ ನನ್ನ ಹಣೆಗೆ ಅರಿಶಿನ ಹಚ್ಚುತ್ತಲೇ ಅಂದರು:

“ನಿನ್ನ ಮನ್ಸಲ್ಲೇ ನೆಮ್ಮದಿ ಇಲ್ಲ ಕಣಮ್ಮಿ. ಅವ್ವಂಗೇ ನೆಮ್ಮದಿ ಇಲ್ದಿದ್ರೆ ಮಗೀಗೆ ಎಲ್ಲಿಂದ ನಿದ್ದೆ ಬಂದಾತು?”

ಅತ್ತೆ ಕೆಟ್ಟವರಲ್ಲ. ಆದರೆ ಆ ಮಾತು ನನ್ನೊಳಗೆ ಮುಳ್ಳಿನ ಹಾಗೆ ಕೂತುಬಿಟ್ಟಿತು. ನಾನು ಸರಿಯಿಲ್ಲ, ಅದಕ್ಕೇ ನನ್ನ ಮಗು ಮಲಗುತ್ತಿಲ್ಲ — ಹೀಗೇ ನಂಬಿಕೊಂಡು ಆ ವರ್ಷ ಕಳೆದೆ.

ಆಮೇಲೆ ನೀನು ಬಾಣಂತನ ಮುಗಿಸಿಕೊಂಡು ಮೂರು ತಿಂಗಳ ಚೇತನನನ್ನು ಎತ್ತಿಕೊಂಡು ಬಂದೆ.

ಬಂದ ದಿನವೇ ನೋಡಿದೆ. ಹನ್ನೊಂದು ಗಂಟೆ ಹೊತ್ತಿಗೆ ಮಗು ಕಣ್ಣುಜ್ಜಲು ಶುರು ಮಾಡಿತು. ನಾನು ಜೋಲಿ ಕಟ್ಟಲು ಸೀರೆ ಹುಡುಕುತ್ತಿದ್ದೆ, ನೀನು ಬೇಡ ಅಂದೆ. ಒಳಕೋಣೆಯ ಕಿಟಕಿ ಮುಚ್ಚಿದೆ. ಚಾಪೆಯ ಮೇಲೆ ಹಾಸಿ, ಎಚ್ಚರವಾಗಿದ್ದ ಮಗುವನ್ನು ಹಾಗೇ ಅಂಗಾತ ಮಲಗಿಸಿದೆ. ಹುಬ್ಬಿನ ನಡುವಿನಿಂದ ಹಣೆಯ ಮೇಲಕ್ಕೆ ಒಂದು ಬೆರಳಿನಿಂದ ಮೂರು ಸಲ ಸವರಿ, “ಆಯ್ತು ಕಂದ, ಇನ್ನು ನಿದ್ದೆ” ಅಂದು ಎದ್ದು ಬಂದುಬಿಟ್ಟೆ. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಇನ್ನೇನು ಕಿರುಚುತ್ತದೆ, ಇವಳ ಜಂಬ ಇಳಿಯುತ್ತದೆ ಅಂದುಕೊಂಡು — ಹೌದು, ಹಾಗೇ ಅಂದುಕೊಂಡೆ — ಕಾದೆ. ಮಗು ಒಸಿ ಗೊಣಗಿತು, ಕೈಬೆರಳು ಬಾಯಿಗಿಟ್ಟುಕೊಂಡಿತು, ತಲೆ ಅತ್ತ ಹೊರಳಿಸಿತು. ಮಲಗಿಯೇ ಬಿಟ್ಟಿತು.

ನನ್ನ ಮೈಯೆಲ್ಲ ಉರಿದುಹೋಯಿತು, ಸವಿತಾ.

“ಇದೇನವ್ವ ಇದು, ಮಂತ್ರ ಗಿಂತ್ರ ಕಲ್ತ್‌ಬಂದಿದ್ದೀಯಾ?” ಅಂತ ಅತ್ತೆ ಕೇಳಿದಾಗ ನೀನು ನಕ್ಕೆ. ನಿಮ್ಮೂರಿನ ಆಸ್ಪತ್ರೆಯ ನರ್ಸಮ್ಮ ಒಬ್ಬರು ಹೇಳಿಕೊಟ್ಟದ್ದು ಅಂದೆ. ದಿನಾ ಅದೇ ಹೊತ್ತು, ಅದೇ ಜಾಗ, ಅದೇ ಮಾತು. ನಿದ್ದೆ ಬಂದ ಮೇಲೆ ಮಲಗಿಸುವುದಲ್ಲ, ನಿದ್ದೆ ಬರುವುದಕ್ಕೆ ಮುಂಚೆಯೇ ಮಲಗಿಸುವುದು. ಹೊಟ್ಟೆ ತುಂಬಿದೆಯಾ, ಬಟ್ಟೆ ಒಣಗಿದೆಯಾ ನೋಡಿಕೊಳ್ಳುವುದು. ಗೊಣಗಿದ ತಕ್ಷಣ ಎತ್ತಿಕೊಳ್ಳದೆ ಒಂದು ಗಳಿಗೆ ನೋಡುವುದು, ನಿಜವಾಗಿ ಅತ್ತರೆ ಹೋಗಿ ಮೈ ಮುಟ್ಟಿ ಸಮಾಧಾನ ಮಾಡುವುದು. ಇಷ್ಟೇ. ಇದರಲ್ಲಿ ಮಂತ್ರವೆಲ್ಲಿ ಬಂತು? ಇಷ್ಟೇ ಇಷ್ಟನ್ನು ಯಾರಾದರೂ ನನಗೆ ನಾಲ್ಕು ವರ್ಷ ಮುಂಚೆ ಹೇಳಿದ್ದರೆ — ಅಂತ ಅನ್ನಿಸಿ, ಆ ಯಾರೋ ಒಬ್ಬರ ಮೇಲೆ ಬರಬೇಕಿದ್ದ ಸಿಟ್ಟು ನಿನ್ನ ಮೇಲೆ ಬಂತು.

ಅತ್ತೆ ಮಾತ್ರ ನಿನ್ನನ್ನು ತಲೆ ಮೇಲೆ ಹೊತ್ತು ಮೆರೆಸಿದರು. ಹಾಲು ಹಾಕಲು ಹೋದರೆ ಡೇರಿಯಲ್ಲಿ ಅದೇ ಮಾತು, ಸೊಪ್ಪು ತರಲು ಹೋದರೆ ತೋಟದಲ್ಲಿ ಅದೇ ಮಾತು. “ನಮ್ ಚಿಕ್ ಸೊಸೆ ಮಗ ಚಿನ್ನ ಕನ್ರವ್ವ, ತನ್ನಷ್ಟಕ್ಕೆ ತಾನೇ ಮಲೀಕ್ಕಂತದೆ.” ಕೇಳಿದವರು ತಪ್ಪದೆ ನನ್ನ ಕಡೆ ಒಂದು ಸಲ ತಿರುಗಿ ನೋಡುತ್ತಿದ್ದರು. ದೀಪಿಕಾಳ ಕಿರುಚಾಟ ಬೀದಿಗೆಲ್ಲ ಗೊತ್ತಿತ್ತಲ್ಲ.

ಇನ್ನು ಮಾವನ ತಮಾಷೆ. ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಹುಳು ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನದೆ, ತಲೆ ಎತ್ತಿ, ಒಂದು ದಿನ ಅಲ್ಲಾಡದೆ ನಿದ್ದೆಗೆ ಕೂರುತ್ತದಲ್ಲ, ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಹೊಸದರಲ್ಲಿ ಮಾವ “ಹುಳ ಜ್ವರಕ್ಕೆ ಕೂತವೆ” ಅಂದದ್ದನ್ನು ಕೇಳಿ ನೀನು ಗಾಬರಿಯಿಂದ “ಡಾಕ್ಟ್ರುನ್ನ ಕರೀಬೇಕಾ ಮಾವ?” ಅಂದಿದ್ದೆ. ಮಾವ ಬಿದ್ದು ಬಿದ್ದು ನಕ್ಕಿದ್ದರು. ಚೇತನ ಬಂದ ಮೇಲೆ ಆ ಮಾತನ್ನು ಅವರು ಮಗುವಿಗೆ ಹಚ್ಚಿದರು. ಹನ್ನೊಂದು ಗಂಟೆಯಾದರೆ ಜಗಲಿಯಿಂದ ಕೂಗುವುದು: “ಮಗ ಜ್ವರಕ್ಕೆ ಕೂತೈತೆ, ಯಾರೂ ಸದ್ದು ಮಾಡ್‌ಬ್ಯಾಡ್ರಿ ಕನ್ರಪ್ಪೋ!” ಎದ್ದರೆ, “ಜ್ವರ ಎದ್ದೈತೆ, ಸೊಪ್ಪು ಹಾಕ್ರಿ!” ಮನೆಯೆಲ್ಲ ನಗುತ್ತಿತ್ತು. ನಾನೂ ಎಲ್ಲರ ಜೊತೆ ನಕ್ಕು, ಒಳಗೆ ಹೋಗಿ ಪಾತ್ರೆ ಕುಕ್ಕುತ್ತಿದ್ದೆ.

ಒಂದು ಸಂಜೆ ನೀನು ನನ್ನ ಪಕ್ಕ ಕೂತು ಅವರೆಕಾಯಿ ಸುಲಿಯುತ್ತ ಹೇಳಿದ್ದು ನೆನಪಿದೆಯಾ? “ಅಕ್ಕ, ನಿಂಗೆ ಇನ್ನೊಂದು ಆದ್ರೆ ನಾನೇ ಹೇಳ್ಕೊಡ್ತೀನಿ, ಮೊದಲನೇ ತಿಂಗಳಿಂದ್ಲೇ ಒಸಿ ಒಸಿ ಅಭ್ಯಾಸ ಮಾಡ್ಸಬೋದು.” ಒಳ್ಳೆಯ ಮನಸ್ಸಿನಿಂದ ಹೇಳಿದೆ. ನನಗೆ ಕೇಳಿಸಿದ್ದೇ ಬೇರೆ. ನಿನಗೆ ಬರಲಿಲ್ಲ, ನನಗೆ ಬಂತು — ಅಂತ ಕೇಳಿಸಿತು. “ನಂಗೇನೂ ಬ್ಯಾಡ ಬುಡು” ಅಂತ ಎದ್ದು ಹೋದೆ.

ಚೇತನನಿಗೆ ಆರು ತಿಂಗಳಾದಾಗ ನೀನು ಚನ್ನಪಟ್ಟಣದ ಗೊಂಬೆ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತೇನೆ ಅಂದೆ. ಮದುವೆಗೆ ಮುಂಚೆಯೇ ನೀನು ಆ ಕೆಲಸ ಕಲಿತಿದ್ದವಳು. ಲೇತಿನ ಮೇಲೆ ತಿರುಗುವ ಮರಕ್ಕೆ ಬಣ್ಣದ ಅರಗು ಒತ್ತಿ ಹಿಡಿದು, ಗೆರೆ ಒಂದಿಷ್ಟೂ ಅತ್ತಿತ್ತ ಆಗದ ಹಾಗೆ ಬಣ್ಣ ಏರಿಸುವ ಕೈ ನಿನ್ನದು. ಮಕ್ಕಳ ಗಿಲಕಿ ಮಾಡುವುದರಲ್ಲಿ ನಿನ್ನನ್ನು ಬಿಟ್ಟರಿಲ್ಲ ಅನ್ನುತ್ತಿದ್ದರಂತೆ. ಅತ್ತೆ ಮೊದಲು ಮುಖ ಊದಿಸಿಕೊಂಡರು. ಆಮೇಲೆ ಒಂದು ಮಾತು ಅಂದರು: “ಮಗ ನಿನ್ನ ಹುಡುಕ್ದೆ ಹೊತ್ತೊತ್ತಿಗೆ ಮಲಗ್ತದೆ ಅಂದ್ರೆ ಹೋಗು. ಇಲ್ದಿದ್ರೆ ಮನೇಲಿರು.” ಮಗುವನ್ನು ನೋಡಿಕೊಳ್ಳುವವಳು ನಾನು ಅಂತ ತೀರ್ಮಾನವಾಯಿತು. ನಿನ್ನ ಕೆಲಸ ಉಳಿಯುವುದೂ ಹೋಗುವುದೂ ಚೇತನನ ಹಗಲು ನಿದ್ದೆಯ ಮೇಲೆ ನಿಂತಿತು. ಆ ನಿದ್ದೆಯನ್ನು ತಂದು ನನ್ನ ಕೈಗೆ ಕೊಟ್ಟಿರಿ.

ಮೊದಲ ವಾರ ನಾನು ನೆಟ್ಟಗೇ ಇದ್ದೆ. ನೀನು ಹೇಳಿಕೊಟ್ಟ ಹಾಗೇ ಮಾಡಿದೆ. ಕಿಟಕಿ ಮುಚ್ಚಿ, ಹಣೆ ಸವರಿ, ನಿನ್ನ ಮಾತನ್ನೇ ಹೇಳಿ ಎದ್ದು ಬಂದೆ. ಚೇತನ ಮಲಗಿದ. ಮಾರನೇ ದಿನವೂ ಮಲಗಿದ. ಅಷ್ಟು ಸುಲಭ! ಆ ಸುಲಭವನ್ನೇ ನನಗೆ ಸಹಿಸಲಾಗಲಿಲ್ಲ, ಸವಿತಾ. ಅವನು ಅಲ್ಲಿ ಮುಷ್ಟಿ ಬಿಚ್ಚಿಕೊಂಡು ಮಲಗಿರುವಾಗ ನಾನು ಬಾಗಿಲಲ್ಲಿ ನಿಂತು ನನ್ನ ದೀಪಿಕಾಳ ಒಂದೊಂದು ದಿನವನ್ನೂ ನೆನೆಸಿಕೊಳ್ಳುತ್ತಿದ್ದೆ. ನನ್ನ ಊದಿದ ಹಣೆ. ಜೋಲಿಯ ಹಗ್ಗ ಕೊರೆದ ಅಂಗೈ. ಅದೆಲ್ಲ ಹಣೆಬರಹವಲ್ಲ, ಸುಮ್ಮನೆ ತಿಳಿಯದ್ದಕ್ಕೆ ಪಟ್ಟ ಪಾಡು ಅಂತ ಆ ಮಗು ದಿನಾ ಹನ್ನೊಂದಕ್ಕೆ ನನಗೆ ತೋರಿಸಿಕೊಡುತ್ತಿತ್ತು. ಇದನ್ನು ನಾನು ಸಬೂಬು ಅಂತ ಹೇಳುತ್ತಿಲ್ಲ. ನನಗೆ ಸಿಗದ್ದು ನಿನಗೂ ಇರಬಾರದು ಅನ್ನಿಸಿತು — ಇಷ್ಟೇ ಸತ್ಯ.

ಎರಡನೇ ವಾರ ಶುರು ಮಾಡಿದೆ.

ಹೇಗೆ ಮಾಡಿದೆ ಅಂತಲೂ ಬರೆಯಬೇಕು. ಬರೆಯದಿದ್ದರೆ ನೀನು ನನ್ನ ಮೇಲೆ ಕನಿಕರ ಪಟ್ಟು, ಅಕ್ಕ ಏನೋ ಸಣ್ಣದನ್ನು ದೊಡ್ಡದು ಮಾಡಿಕೊಂಡಿದ್ದಾಳೆ ಅಂದುಕೊಳ್ಳುತ್ತೀಯೆ. ಅತ್ತೆ ಮಾವ ಸೊಪ್ಪಿಗೆ ತೋಟಕ್ಕೆ ಹೋದ ಹೊತ್ತು ನೋಡಿಕೊಂಡು, ಮಗು ಮಲಗಿ ಕಾಲು ಗಂಟೆಯಾದ ಮೇಲೆ ಹೋಗಿ ಒದ್ದೆ ಬೆರಳಿನಿಂದ ಅಂಗಾಲು ಮುಟ್ಟುತ್ತಿದ್ದೆ. ಬೆಚ್ಚಿ ಏಳುತ್ತಿತ್ತು. ಅತ್ತರೆ ಎತ್ತಿಕೊಂಡು ಹಿತ್ತಿಲಿಗೆ ಹೋಗಿ ಕೋಳಿ ತೋರಿಸಿ ಆಡಿಸುತ್ತಿದ್ದೆ. ನಿದ್ದೆ ಕೆಟ್ಟ ಮಗು ಮಧ್ಯಾಹ್ನವೆಲ್ಲ ರೇಗುತ್ತಿತ್ತು. ಸಂಜೆ ನಾಲ್ಕೂವರೆಗೆ, ಅವರು ಮತ್ತೆ ತೋಟಕ್ಕೆ ಹೋದ ಮೇಲೆ, ಅಟ್ಟಕ್ಕೆ ಹಾಕಿದ್ದ ಹಳೇ ಜೋಲಿ ಸೀರೆ ತೆಗೆದು ಕಟ್ಟಿ, ಅದರಲ್ಲಿ ಹಾಕಿ ಜೋರಾಗಿ ತೂಗಿ ಮಲಗಿಸುತ್ತಿದ್ದೆ. ನಿನ್ನ ಬಸ್ಸು ಬರುವ ಮುಂಚೆ ಸೀರೆ ಬಿಚ್ಚಿ ಮಡಿಸಿಟ್ಟು, ಮಗುವನ್ನು ಚಾಪೆಗೆ ಹಾಕುತ್ತಿದ್ದೆ. ನೀನು ಬಂದು ನೋಡಿದರೆ ಗೊರಕೆ ಹೊಡೆಯುವಷ್ಟು ನಿದ್ದೆ. ಹಗಲು ತಪ್ಪಿದ್ದನ್ನೆಲ್ಲ ಹೀಗೆ ಸಂಜೆಗೆ ಮಲಗಿದ ಮಗು ರಾತ್ರಿ ಹೇಗೆ ಮಲಗೀತು? ಆ ರಾತ್ರಿಗಳ ಪಾಡು ನಿನಗೇ ಗೊತ್ತು. ಗೋಡೆಯ ಈಚೆ ನಾನೂ ಕೇಳಿಸಿಕೊಂಡಿದ್ದೇನೆ.

ಒಂದು ವಿಚಿತ್ರ ಹೇಳಲಾ? ಅದೇ ದಿನಗಳಲ್ಲಿ ಹುಳುಮನೆಯಲ್ಲಿ ನಮ್ಮ ಹುಳು ಮೂರನೇ ಜ್ವರಕ್ಕೆ ಕೂತಿದ್ದವು. ನಾನು ಉಸಿರು ಬಿಗಿಹಿಡಿದು, ಬರಿಗಾಲಲ್ಲಿ, ತಟ್ಟೆಗೆ ಸೆರಗು ಕೂಡ ತಾಗದ ಹಾಗೆ ಓಡಾಡುತ್ತಿದ್ದೆ. ಜ್ವರಕ್ಕೆ ಕೂತ ಹುಳುವನ್ನು ಅಲ್ಲಾಡಿಸಿದರೆ ಪೊರೆ ಬಿಡಲಾಗದೆ ಸಾಯುತ್ತದೆ ಅಂತ ನನ್ನಷ್ಟು ಚೆನ್ನಾಗಿ ಆ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಅಲ್ಲಿಂದ ಬಂದು ಕೈ ತೊಳೆದು, ಆ ಒದ್ದೆ ಕೈಯಲ್ಲೇ ನಿನ್ನ ಮಗನನ್ನು ಎಬ್ಬಿಸುತ್ತಿದ್ದೆ.

ಮೂರನೇ ವಾರಕ್ಕೆ ಮಗು ಚಾಪೆಯ ಮೇಲೆ ತಾನಾಗಿ ಮಲಗುವುದನ್ನೇ ಮರೆಯಿತು. ನಿನ್ನ ಕಣ್ಣು ಗುಳಿಬಿದ್ದವು. ಆದರೂ ನೀನು ಬಿಡಲಿಲ್ಲ. “ಹಲ್ಲು ಬರೋ ಟೈಮು ಅಕ್ಕ, ಸರಿಹೋಯ್ತದೆ” ಅನ್ನುತ್ತಿದ್ದೆ. ನನ್ನನ್ನು ಒಂದು ದಿನವೂ ಅನುಮಾನಿಸಲಿಲ್ಲ. ಅನುಮಾನಿಸಿದ್ದರೆ ಚೆನ್ನಾಗಿತ್ತು. ಜಗಳವಾಡಿ ನಿಲ್ಲಿಸಿಬಿಡುತ್ತಿದ್ದೆನೇನೋ.

ಇನ್ನು ಆ ದಿನ.

ಬೆಳಿಗ್ಗೆ ಬಸ್ಸಿಗೆ ಹೊರಡುವಾಗ ನೀನು ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ ಹೇಳಿದೆ. ಹೊರಗಿನಿಂದ ಗೊಂಬೆ ಕೊಳ್ಳುವವರು ನೋಡಲು ಬರುತ್ತಾರೆ, ಮಾಲೀಕರು ನಿನ್ನ ಕೈಯಲ್ಲೇ ಬಣ್ಣ ಹಾಕಿಸಿ ತೋರಿಸುತ್ತಾರೆ, ಎಲ್ಲ ಸರಿಹೋದರೆ ಹೊಸ ಹುಡುಗಿಯರಿಗೆ ಕಲಿಸುವ ಕೆಲಸ ನಿನಗೇ ಕೊಡುತ್ತಾರೆ — ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ. ನಿದ್ದೆಗೆಟ್ಟ ಮುಖದಲ್ಲೂ ಎಂಥ ಕಳೆ ಇತ್ತು ಅವತ್ತು ನಿನಗೆ! ಹಸಿರು ಸೀರೆ ಉಟ್ಟಿದ್ದೆ. ನಾನು ಆ ಸೀರೆಯನ್ನೇ ನೋಡುತ್ತಿದ್ದೆ. ನನ್ನ ಮೈಮೇಲೆ ಹುಳುವಿನ ಹಿಕ್ಕೆಯ ವಾಸನೆ.

ದಿನಾ ಹನ್ನೊಂದೂವರೆಗೆ ಕಾರ್ಖಾನೆಯಿಂದ ನಮ್ಮ ಮನೆಗೆ ಫೋನು ಮಾಡುತ್ತಿದ್ದೆಯಲ್ಲ, ಅವತ್ತೂ ಮಾಡಿದೆ. ಹಿಂದೆ ಯಂತ್ರದ ಸದ್ದು, ಯಾರೋ ನಗುವ ಸದ್ದು. ನೀನು ಎಂದಿನ ಹಾಗೆ ಕೇಳಿದೆ:

“ಅಕ್ಕ, ಮಗ ಜ್ವರಕ್ಕೆ ಕೂತ್ನಾ?”

ಕೂತಿದ್ದ. ಅವತ್ತು ಮಲಗಿದ್ದು ತಡವಾಗಿ, ನಾನು ಎಬ್ಬಿಸುವ ಮುಂಚೆಯೇ ನೀನು ಫೋನು ಮಾಡಿದ್ದೆ. ದಣಿದು ದಣಿದು, ಎಷ್ಟೋ ದಿನದ ಮೇಲೆ, ಚಾಪೆಯ ಮೇಲೆ ತಾನಾಗಿಯೇ ಮಲಗಿದ್ದ. ಕೂತೈತೆ ಅಂದಿದ್ದರೆ ಸಾಕಿತ್ತು. ಒಂದು ಮಾತು. ನೀನು ಖುಷಿಯಾಗಿ ಹೋಗಿ ಲೇತಿನ ಮುಂದೆ ಕೂರುತ್ತಿದ್ದೆ.

“ಜ್ವರ ಬಂದೈತೆ” ಅಂದೆ.

ಅಂದು ಫೋನು ಇಟ್ಟುಬಿಟ್ಟೆ. ಬಾಯಿತಪ್ಪಿ ಬಂದ ಮಾತಲ್ಲ.

ನೀನು ಬಸ್ಸಿಗೆ ಕಾಯದೆ ಯಾರದೋ ಆಟೋ ಹಿಡಿದು ಬಂದೆ. ಹಸಿರು ಸೀರೆಯ ಮೇಲೆ ಅರಗಿನ ಪುಡಿ. ಚಪ್ಪಲಿ ಬಿಡದೆ ಒಳಕ್ಕೆ ಓಡಿ ಮಗುವಿನ ಹಣೆ ಮುಟ್ಟಿದೆ, ಹೊಟ್ಟೆ ಮುಟ್ಟಿದೆ, ಕುತ್ತಿಗೆ ಮುಟ್ಟಿದೆ. ತಣ್ಣಗಿತ್ತು. ನೀನು ಮುಟ್ಟಿದ್ದಕ್ಕೆ ಎದ್ದು ಅಳತೊಡಗಿತು. ನೀನು ನನ್ನ ಮುಖ ನೋಡಿದೆ.

“ನಾನು ಜ್ವರಕ್ಕೆ ಕೂತೈತೆ ಅಂದೆ ಕನವ್ವ,” ಅಂದೆ ನಾನು. “ನೀನು ಬಂದೈತೆ ಅಂತ ಕೇಳಿಸ್ಕೊಂಡ್ಯಾ? ಅಯ್ಯೋ ನನ್ ಶಿವ್ನೆ!”

ತೋಟದಿಂದ ಆಗಷ್ಟೇ ಬಂದಿದ್ದ ಮಾವ ನಕ್ಕರು. ಅತ್ತೆಯೂ ನಕ್ಕರು. “ಇನ್ನೂ ನಮ್ ಮನೆ ಮಾತು ಬರ್ನಿಲ್ವಲ್ಲ ಇವ್ಳಿಗೆ” ಅಂದರು. ನೀನು ಅಳುವ ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡೆ. ಆಮೇಲೆ ನೀನೂ ನಕ್ಕೆ — “ಮಿಷಿನ್ ಸದ್ದು ಅಕ್ಕ, ನಂಗೇ ಸರ್ಯಾಗಿ ಕೇಳಿಸ್ನಿಲ್ಲ” ಅಂತ. ಕೇಳಿಸಿತ್ತು, ಸವಿತಾ. ಸರಿಯಾಗಿಯೇ ಕೇಳಿಸಿತ್ತು. ನಿನ್ನ ಕಿವಿ ನೆಟ್ಟಗೇ ಇತ್ತು.

ನೀನು ಎದ್ದು ಬಂದ ಮೇಲೆ ಆ ದಿನ ಬೇರೆ ಯಾರೋ ಬಣ್ಣ ಹಾಕಿ ತೋರಿಸಿದರು. ಕಲಿಸುವ ಕೆಲಸವೂ ಅವರಿಗೇ ಹೋಯಿತು. ನೀನು ಅದನ್ನು ಹೇಳುವಾಗ ಅಳಲಿಲ್ಲ. ನಾನು ಅಯ್ಯೋ ಪಾಪ ಅಂದೆ. ಅವತ್ತು ನನಗೆ ಅನ್ನ ರುಚಿಸಿತು. ಇದನ್ನು ಬರೆಯುವಾಗ ನನಗೇ ನನ್ನ ಮೇಲೆ ಹೇಸಿಗೆಯಾಗುತ್ತದೆ, ಆದರೂ ಬರೆಯಬೇಕು. ರುಚಿಸಿತು.

ಅದಾದ ಹತ್ತೇ ದಿನಕ್ಕೆ ಅತ್ತೆ ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿದರು. ನೀನು ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆಗೆ ಒರಗಿದ್ದೆ, ಕೂತಲ್ಲೇ ತೂಕಡಿಸುತ್ತಿದ್ದೆ. ಅತ್ತೆ ನಿನ್ನನ್ನಲ್ಲ, ನನ್ನನ್ನು ಕೇಳಿದರು.

“ರತ್ನ, ದಿಟ ಹೇಳು. ಮಗ ಹಗಲೊತ್ತು ಮಲಗ್ತದಾ ಇಲ್ವಾ?”

“ಮಲಗ್ತಾನೇ ಇಲ್ಲ ಕನತ್ತೆ. ಅವ್ರವ್ವನ್ನೇ ಹುಡುಕ್ತದೆ.”

ಅಷ್ಟೇ. ಮಾರನೇ ದಿನದಿಂದ ನೀನು ಕೆಲಸಕ್ಕೆ ಹೋಗಲಿಲ್ಲ. ಕೆಲಸ ಬಿಡಿಸಿದವರು ಅತ್ತೆ ಅಂತ ಇಷ್ಟು ವರ್ಷ ನೀನು ಅವರ ಮೇಲೆ ಒಳಗೊಳಗೆ ನೊಂದುಕೊಂಡೆ. ಪಾಪ, ಅವರು ನನ್ನ ಮಾತು ನಂಬಿದರು.

ಅಲ್ಲಿಗಾದರೂ ನಿಲ್ಲಿಸಿದೆನಾ? ಇಲ್ಲ. ನೀನು ಮನೆಯಲ್ಲಿ ಕೂತು ಮಗುವಿಗೆ ಮತ್ತೆ ಹಳೇ ಅಭ್ಯಾಸ ಹಿಡಿಸಲು ನೋಡಿದೆ. ಕಿಟಕಿ ಮುಚ್ಚಿ, ಹಣೆ ಸವರಿ, ಅದೇ ಮಾತು. ಜೋಲಿಯ ರುಚಿ ಕಂಡಿದ್ದ ಮಗು ಕಿರುಚಿತು. ಒಂದು ವಾರ ಗಟ್ಟಿಯಾಗಿ ನಿಂತಿದ್ದರೆ ದಾರಿಗೆ ಬರುತ್ತಿತ್ತು, ನನಗೆ ಗೊತ್ತಿತ್ತು. ನೀನು ನಾಲ್ಕನೇ ದಿನ ಒಳಕೋಣೆಯಿಂದ ಅಳುವ ಮಗುವಿನ ಜೊತೆ ಅಳುತ್ತಲೇ ಹೊರಗೆ ಬಂದೆ. ಆಗ ನಾನು ಮಗುವನ್ನು ನಿನ್ನ ಕೈಯಿಂದ ಇಸಿದುಕೊಂಡು ಜೋಲಿಗೆ ಹಾಕಿ ಎರಡು ಸಲ ತೂಗಿದೆ. ಮಲಗಿಬಿಟ್ಟ. ಆಮೇಲೆ ನಿನಗೆ ಹೇಳಿದೆ — ಅತ್ತೆ ನನಗೆ ಹೇಳಿದ್ದನ್ನೇ, ನನ್ನೊಳಗೆ ಮುಳ್ಳಾಗಿದ್ದನ್ನೇ ಕಿತ್ತು ನಿನಗೆ ಚುಚ್ಚಿದೆ:

“ಬುಡು ಸವಿತಾ, ಇದು ಎಲ್ರ ಕೈಲೂ ಆಗಕಿಲ್ಲ. ಅವ್ವಂಗೆ ಮನ್ಸಲ್ಲಿ ನೆಮ್ಮದಿ ಇರ್ಬೇಕು.”

ನೀನು ತಲೆಯಾಡಿಸಿದೆ. ನಂಬಿದೆ. ಅವತ್ತಿನಿಂದ ಮಗುವಿನ ವಿಷಯಕ್ಕೆ ಏನೇ ಆದರೂ ನನ್ನನ್ನೇ ಕೇಳಿ ಮಾಡತೊಡಗಿದೆ. ನಾನು ಗೆದ್ದೆ, ನೋಡು.

ಆಮೇಲೆ ಅಣ್ಣತಮ್ಮಂದಿರು ಬೇರೆಯಾದರು, ನೀವು ಹಿಂದಿನ ಬೀದಿಗೆ ಹೋದಿರಿ, ಮಾವ ತೀರಿಕೊಂಡರು. ಚೇತನ ಬೆಳೆದು ಗಂಡಸಾದ. ಇದೆಲ್ಲ ಹಳೆಯ ಮಾತಾಯಿತು, ನಾನೇ ಮರೆತೆ ಅಂದುಕೊಂಡಿದ್ದೆ.

ಈಗ ದೀಪಿಕಾ ಬಾಣಂತನಕ್ಕೆ ಬಂದಿದ್ದಾಳೆ. ಮೊಮ್ಮಗಳಿಗೆ ನಾಲ್ಕು ತಿಂಗಳು. ಮೊದಲ ತಿಂಗಳು ಅವಳೂ ತಾಯಿಯ ಹಾಗೇ — ಹೆಗಲ ಮೇಲೇ ಇರಬೇಕು. ದೀಪಿಕಾ ಫೋನಿನಲ್ಲಿ ಏನೇನೋ ವಿಡಿಯೋ ನೋಡಿ, ಒಂದೊಂದು ದಿನ ಒಂದೊಂದು ಮಾಡಿ, ಕೊನೆಗೆ ನನ್ನ ಮುಂದೆ ಕೂತು, “ಅಮ್ಮ, ನಾನೇ ಸರಿಯಿಲ್ಲ ಅನ್ಸ್ತದೆ” ಅಂದಳು. ಮಗುವನ್ನು ಎತ್ತಿಕೊಂಡೆ. ಕಿಟಕಿ ಮುಚ್ಚಿದೆ. ಎಚ್ಚರವಾಗಿದ್ದ ಹಾಗೇ ಮಲಗಿಸಿ, ಹಣೆಯ ಮೇಲೆ ಮೂರು ಸಲ ಸವರಿ, ನಿನ್ನ ಮಾತನ್ನೇ ಹೇಳಿದೆ. ದಿನಾ ಹೇಳಿದೆ. ಹದಿನೈದು ದಿನಕ್ಕೆ ಮಗು ದಾರಿಗೆ ಬಂತು. ಬೀದಿಗೆಲ್ಲ ಸುದ್ದಿಯಾಯಿತು — ರತ್ನಮ್ಮನ ಕೈಗುಣ, ರತ್ನಮ್ಮನ ಕೈಗುಣ! ಯಾರು ಹೇಳಿಕೊಟ್ಟರು ಅಂತ ದೀಪಿಕಾ ಕೇಳಿದಾಗ, “ನಂಗೇ ಗೊತ್ತಿತ್ತು” ಅಂದೆ. ಈ ವಯಸ್ಸಿನಲ್ಲೂ ನಿನ್ನದನ್ನು ನಿನ್ನದು ಅನ್ನಲು ನನ್ನ ನಾಲಿಗೆ ಏಳಲಿಲ್ಲ.

ಹೋದ ವಾರ ನೀನು ಮಗುವನ್ನು ನೋಡಲು ಬಂದೆ. ನಾನು ಮಲಗಿಸಿ ಎದ್ದು ಬರುವುದನ್ನು ಬಾಗಿಲಲ್ಲಿ ನಿಂತು ನೋಡಿದೆ. ನಾನು ಹೇಳಿದ ಮಾತನ್ನೂ ಕೇಳಿಸಿಕೊಂಡೆ. ಈಗ ಹಿಡಿದುಬಿಡುತ್ತಾಳೆ, ನನ್ನದು ಅಂತಾಳೆ — ಅಂದುಕೊಂಡು ಜಗಳಕ್ಕೆ ಬಾಯಿ ಸಿದ್ಧ ಮಾಡಿಕೊಂಡೆ. ನೀನು ಹತ್ತಿರ ಬಂದು ಮೆಲ್ಲಗೆ ಅಂದೆ:

“ನಾನೂ ಇಂಗೇ ಮಾಡ್ತಿದ್ದೆ ಅಕ್ಕ. ನನ್ ಕೈಲಿ ನಿಲ್ನಿಲ್ಲ. ಒಂದನ್ನೇ ನೆಟ್ಟಗೆ ಮಲಗ್ಸೋಕಾಗ್ನಿಲ್ಲ, ಅದ್ಕೇ ಇನ್ನೊಂದು ಬ್ಯಾಡ ಅಂದ್ಬುಟ್ಟೆ ಇವ್ರಿಗೆ. ಒಂದ್ ಹೆಣ್ಣು ಬೇಕು ಅಂತ ಬಾಳ ಆಸೆ ಇತ್ತು.”

ಅಂದು, ಮಲಗಿದ್ದ ನನ್ನ ಮೊಮ್ಮಗಳನ್ನು ನೋಡುತ್ತ ನಿಂತೆ. ಎಷ್ಟೋ ಹೊತ್ತು ನಿಂತೆ.

ಕೆಲಸದ ಲೆಕ್ಕವಷ್ಟೇ ನನ್ನ ತಲೆಯಲ್ಲಿತ್ತು, ಸವಿತಾ. ಕೆಲಸ ಬಿಡಿಸಿದೆ, ಮನಸ್ಸು ನೋಯಿಸಿದೆ, ಅಷ್ಟೇ ಅಂತ. ನಿನಗೊಬ್ಬಳು ಮಗಳು ಹುಟ್ಟದೇ ಹೋದದ್ದು ನನ್ನಿಂದ ಅಂತ — ನನಗೆ ಇದು — ಇಲ್ಲ, ಗೊತ್ತಿರಲಿಲ್ಲ ಅಂತ ಬರೆಯುವುದಿಲ್ಲ. ನೀನು ಇನ್ನೊಂದು ಬೇಡ ಅಂದಾಗ ಯಾಕೆ ಅಂತ ಕೇಳುವ ಧೈರ್ಯ ನನಗಿರಲಿಲ್ಲ. ಕೇಳದೆ ಇದ್ದದ್ದೇ ಗೊತ್ತಿದ್ದ ಹಾಗೆ.

ನಿನ್ನೆ ಬೆಳಿಗ್ಗೆ ದೀಪಿಕಾಗೆ ಎಲ್ಲ ಹೇಳಿದೆ. ಮಗು ನನ್ನ ತೊಡೆಯ ಮೇಲಿತ್ತು, ಅವಳು ಎದುರಿಗೆ ಬಟ್ಟೆ ಮಡಿಸುತ್ತಿದ್ದಳು. ಒದ್ದೆ ಬೆರಳಿನಿಂದ ಹಿಡಿದು ಫೋನಿನ ಮಾತಿನವರೆಗೆ ಒಂದನ್ನೂ ಬಿಡಲಿಲ್ಲ. “ನಿನ್ನಷ್ಟೇ ಕಷ್ಟ ನಾನೂ ಪಟ್ಟಿದ್ದೆ ಕಣೆ, ನಿನ್ನಿಂದಲೇ ಪಟ್ಟಿದ್ದೆ” ಅಂತ ನಡುವೆ ಒಂದು ಸಲ ಅಂದೆ. ಅವಳು ಇನ್ನೊಂದು ಬಟ್ಟೆ ಎತ್ತಿಕೊಂಡಳು. ಕೊನೆಗೆ, “ಚಿಕ್ಕಮ್ಮಂಗೆ ಗೊತ್ತಾ?” ಅಂತ ಮಾತ್ರ ಕೇಳಿದಳು. ಇಲ್ಲ ಅಂದೆ. ಮಡಿಸುತ್ತಿದ್ದ ಬಟ್ಟೆ ಕೆಳಗಿಟ್ಟು ಎದ್ದು ಬಂದು, ನನ್ನ ತೊಡೆಯ ಮೇಲಿಂದ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ನಿನ್ನೆಯಿಂದ ಮಗುವನ್ನು ಅವಳೇ ಮಲಗಿಸುತ್ತಿದ್ದಾಳೆ. ನನ್ನ ಕೈಗೆ ಕೊಡುತ್ತಿಲ್ಲ.

ಸರಿಯಾದದ್ದನ್ನೇ ಮಾಡಿದಳು.

ನನಗೆ ಈಗಲೂ ನಿನ್ನ ಮೇಲೆ ಹೊಟ್ಟೆಕಿಚ್ಚು ಹೋಗಿಲ್ಲ, ಸವಿತಾ. ಮೊದಲು ನಿನ್ನ ಮಗ ಮಲಗಿದ್ದಕ್ಕೆ ಇತ್ತು. ಈಗ, ಇಷ್ಟು ವರ್ಷ ನೀನು ನಿನ್ನನ್ನೇ ಬೈದುಕೊಂಡು ಬದುಕಿದೆಯೇ ಹೊರತು ಇನ್ನೊಬ್ಬರಿಗೆ ಕೆಟ್ಟದ್ದು ಮಾಡಲಿಲ್ಲವಲ್ಲ, ಅದಕ್ಕಿದೆ.

ಕ್ಷಮಿಸು ಅಂತ ಬರೆಯುತ್ತಿಲ್ಲ. ಬರೆದರೆ ನೀನು ಕ್ಷಮಿಸಿಬಿಡುತ್ತೀಯೆ, ನಿನ್ನ ಗುಣ ನನಗೆ ಗೊತ್ತು. ಅತ್ತೆ ಇನ್ನೂ ಇದ್ದಾರೆ, ಕಿವಿ ಕೇಳಿಸುತ್ತದೆ. ಸವಿತಂಗೆ ಮಗು ನೋಡಿಕೊಳ್ಳಲು ಬರುತ್ತಿರಲಿಲ್ಲ ಅಂತ ಅವರು ಇವತ್ತೂ ಬಂದವರ ಮುಂದೆ ಹೇಳುತ್ತಾರೆ. ನಾಳೆ ಹತ್ತು ಗಂಟೆಗೆ ಅವರ ಕೈ ಹಿಡಿದುಕೊಂಡು ನಿನ್ನ ಮನೆಗೆ ಬರುತ್ತೇನೆ. ನಿನ್ನ ಗಂಡನೂ ಚೇತನನೂ ಮನೆಯಲ್ಲಿರಲಿ ಅಂತ ಇವತ್ತೇ ಹೇಳಿ ಕಳಿಸುತ್ತೇನೆ. ಈ ಕಾಗದವನ್ನು ನಿನ್ನ ಕೈಗೆ ಕೊಟ್ಟು ಓಡಿಹೋಗುವುದಿಲ್ಲ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಎಲ್ಲರೂ ಕೇಳುವ ಹಾಗೆ ನಾನೇ ಓದುತ್ತೇನೆ. ನೀನು ಕೂತು ಕೇಳು. ನಾನು ನಿಂತೇ ಓದುತ್ತೇನೆ.